ಹಿಂದೆ ಕೂತವರ ಭಾರ

ತಿಪ್ಪೇಶ ಹೊಸ ಬೈಕು ತಂದಿದ್ದ. ಲೈಸೆನ್ಸ್ ಕೈಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಊರ ಬೀದಿಗಳಲ್ಲೇ ಸುತ್ತಾಡಿ, ತನ್ನ ಹಾಗೆ ಬೈಕು ಓಡಿಸುವವರು ಚಿತ್ರದುರ್ಗ ಜಿಲ್ಲೆಯಲ್ಲೇ ಇಲ್ಲ ಅಂದುಕೊಂಡಿದ್ದ. ಹೆದ್ದಾರಿಗೆ ಮಾತ್ರ ಒಮ್ಮೆಯೂ ಹೋಗಿರಲಿಲ್ಲ.

ಆಯುಧಪೂಜೆ ಬಂತು. ಬೈಕಿಗೆ ಸ್ನಾನವಾಯಿತು, ಅರಿಶಿನ ಕುಂಕುಮವಾಯಿತು, ಚೆಂಡುಹೂವಿನ ಹಾರವಾಯಿತು. ಸಾಲದು ಅಂತ ಹ್ಯಾಂಡಲ್ಲಿನ ಎರಡೂ ಬದಿಗೆ ದೊಡ್ಡ ದೊಡ್ಡ ಬಾಳೆಕಂದು ಕಟ್ಟಿದ. ಮದುವೆ ಚಪ್ಪರವೇ ಎದ್ದು ಹೊರಟ ಹಾಗೆ ಕಾಣುತ್ತಿತ್ತು.

ಮರುದಿನ ಹಿರಿಯೂರಿನ ಆಚೆ ಅವನ ಚಿಕ್ಕಮ್ಮನ ಮನೆಯಲ್ಲಿ ಹಬ್ಬದೂಟ. ಅಕ್ಕ ಮಾರಕ್ಕನೂ ಬೈಕಿನ ಹಿಂದೆ ಕೂತು ಬರುವುದೆಂದಾಯಿತು. ಮಾರಕ್ಕ ದಪ್ಪ ಹೆಂಗಸು. ಇದನ್ನು ನಾನು ಹೊಸದಾಗಿ ಹೇಳಬೇಕಾಗಿಲ್ಲ, ಚಿಕ್ಕಂದಿನಿಂದ ಎಲ್ಲರೂ ಅವಳ ಮುಖಕ್ಕೇ ಹೇಳುತ್ತ ಬಂದಿದ್ದರು. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ನಗುತ್ತಾಳಲ್ಲ, ಅವಳಿಗೇನೂ ಅನಿಸುವುದಿಲ್ಲ ಅಂತ ಎಲ್ಲರೂ ತಿಳಿದಿದ್ದರು.

ಹೊರಡುವಾಗ ಮಾರಕ್ಕ ಅಂದಳು, "ಪೂಜೆ ಮುಗೀತಲ್ಲೋ, ಕಂದು ಬಿಚ್ಚಿಹಾಕು. ದೊಡ್ಡ ರೋಡಲ್ಲಿ ಗಾಳಿ ಜಾಸ್ತಿ."

"ಚಿಕ್ಕಮ್ಮನ ಊರಿನೋರು ನೋಡ್ಲಿ ಬಿಡಕ್ಕ. ಬಿಚ್ಚಿದ್ರೆ ಹಬ್ಬದ ಕಳೆನೇ ಇರಲ್ಲ," ಅಂದ ತಿಪ್ಪೇಶ.

ಹೆದ್ದಾರಿಯಲ್ಲಿ ಮೊದಮೊದಲು ಬೈಕು ಚೆನ್ನಾಗಿಯೇ ಹೋಯಿತು. ಅಷ್ಟರಲ್ಲಿ ಒಂದು ಹಳೆಯ ಸ್ಕೂಟರು ಅವನನ್ನು ಹಿಂದೆ ಹಾಕಿ ಮುಂದೆ ಹೋಯಿತು. ಹೊಸ ಬೈಕಿನವನಿಗೆ ಇದಕ್ಕಿಂತ ಅವಮಾನ ಬೇಕೆ? ಆಕ್ಸಿಲರೇಟರ್ ತಿರುಗಿಸಿದ. ವೇಗ ಏರಿತು. ಹ್ಯಾಂಡಲ್ಲು ಎಡಕ್ಕೂ ಬಲಕ್ಕೂ ಹೊಡೆದಾಡತೊಡಗಿತು. ತಿಪ್ಪೇಶ ಕೈ ಬಿಗಿ ಹಿಡಿದ. ಬಿಗಿ ಹಿಡಿದಷ್ಟೂ ಅದು ಹೆಚ್ಚು ನಡುಗಿತು. ಪಕ್ಕದಲ್ಲೇ ಒಂದು ಲಾರಿ ಬುರ್ರೆಂದು ಹೋಯಿತು. ಅವನ ಜೀವ ಬಾಯಿಗೆ ಬಂತು. ಹೇಗೋ ಬ್ರೇಕು ಅದುಮಿ, ಒಂದು ಕ್ರಾಸಿನ ಟೀ ಅಂಗಡಿಯ ಮುಂದೆ ತಂದು ನಿಲ್ಲಿಸಿದ.

ಅಲ್ಲಿ ನಾಲ್ಕೈದು ಜನ ಟೀ ಕುಡಿಯುತ್ತಿದ್ದರು. ಒಬ್ಬ ಕೇಳಿದ, "ಏನಪ್ಪ, ಗಾಡಿ ಹಂಗೆ ಓಲಾಡ್ತಿತ್ತು. ಹೊಸಬನಾ?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಒಂದೇ ಮಾತು. ಅದು ಅವನ ಬಾಯಿಂದ ಬರಲಿಲ್ಲ.

"ಹೊಸಬ ಅಲ್ಲಣ್ಣ. ಎಲ್ಲಾ ನಮ್ಮಕ್ಕನ ಭಾರ. ಇಷ್ಟು ಭಾರ ಹಿಂದೆ ಕೂತ್ರೆ ಯಾವ ಗಾಡಿ ನೆಟ್ಟಗೆ ಹೋಗ್ತೈತೆ?" ಅಂದ. ಟೀ ಕುಡಿಯುತ್ತಿದ್ದವರು ಗೊಳ್ಳೆಂದು ನಕ್ಕರು. ನಕ್ಕದ್ದೇ ಧೈರ್ಯವಾಗಿ, ಅಕ್ಕನ ಕಡೆ ತಿರುಗಿ, "ಇಲ್ಲಿ ಬಸ್ಸು ನಿಲ್ತೈತೆ. ನೀನು ಬಸ್ಸಲ್ಲಿ ಬಾ," ಅಂದ.

ಮಾರಕ್ಕ ಆ ದಿನ ನಗಲಿಲ್ಲ. ಹೆಲ್ಮೆಟ್ ತೆಗೆದು ಅವನ ಕೈಗೆ ಕೊಟ್ಟಳು. "ಮೆಲ್ಲಗೆ ಹೋಗಪ್ಪ. ನನ್ನಿಂದ ನಿಂಗೇನಾದ್ರೂ ಆಗಿದ್ರೆ ನಾನು ಬದುಕಿರಾಕೆ ಆಗ್ತಿರಲಿಲ್ಲ," ಅಂದಳು.

ತಿಪ್ಪೇಶ ಒಬ್ಬನೇ ಹೊರಟ. ಈಗ ಹಿಂದಿನ ಸೀಟು ಖಾಲಿ. ಮತ್ತೆ ವೇಗ ಏರಿಸಿದ. ಹ್ಯಾಂಡಲ್ಲು ಮತ್ತೆ ಹೊಡೆದಾಡಿತು, ಮೊದಲಿಗಿಂತ ಜೋರಾಗಿ. ಈ ಸಲ ದೂರಲು ಹಿಂದೆ ಯಾರೂ ಇರಲಿಲ್ಲ. ಆಗ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಹೇಳಿದ್ದು ನೆನಪಾಯಿತು. ಕೈ ಸಡಿಲ ಬಿಡು, ವೇಗ ನಿಧಾನಕ್ಕೆ ಇಳಿಸು, ಬ್ರೇಕು ಒಮ್ಮೆಗೇ ಅದುಮಬೇಡ. ಹಾಗೇ ಮಾಡಿದ. ಬೈಕು ನೆಟ್ಟಗಾಯಿತು.

ಬದಿಗೆ ನಿಲ್ಲಿಸಿ ಮುಂದೆ ಬಂದು ನೋಡಿದ. ಬಾಳೆ ಎಲೆಗಳು ಗಾಳಿಗೆ ಚಿಂದಿಯಾಗಿದ್ದವು. ಒಂದು ಕಂದಿನ ಗಂಟು ಜಾರಿ, ಅದು ಪಕ್ಕಕ್ಕೆ ವಾಲಿ, ಗಾಳಿ ಬೀಸಿದಾಗಲೆಲ್ಲ ಹ್ಯಾಂಡಲ್ಲನ್ನು ಎಳೆಯುತ್ತಿತ್ತು. ಎರಡನ್ನೂ ಬಿಚ್ಚಿ ಬೇಲಿಯಾಚೆ ಎಸೆದ. ಆಮೇಲೆ ಬೈಕು ಅಲ್ಲಾಡಲಿಲ್ಲ. ಅವನ ಎದೆಯೊಳಗೆ ಮಾತ್ರ ಏನೋ ಅಲ್ಲಾಡುತ್ತಲೇ ಇತ್ತು. ಆದರೂ, ಅಕ್ಕನಿಗೆ ಹೇಗೂ ಗೊತ್ತಾಗುವುದಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡ.

ಮಾರಕ್ಕ ಬಸ್ಸಿಳಿದು, ಬಿಸಿಲಲ್ಲಿ ನಡೆದು ಬಂದಳು. "ಯಾಕೆ, ಬೈಕಲ್ಲಿ ಬರಲಿಲ್ವಾ?" ಅಂತ ಚಿಕ್ಕಮ್ಮ ಕೇಳಿದಳು.

"ನನ್ನ ಭಾರಕ್ಕೆ ಅಲ್ಲಾಡ್ತು ಚಿಕ್ಕಮ್ಮ. ಹುಡುಗ ಚೆನ್ನಾಗೇ ಓಡಿಸ್ತಾನೆ," ಅಂದಳು ಮಾರಕ್ಕ. ಎಲ್ಲರೂ ನಕ್ಕರು. ತಿಪ್ಪೇಶ ನೆಲ ನೋಡಿದ.

ಎಲೆ ಹಾಕಿದರು. ಹೋಳಿಗೆ ಬಂತು. ಹೋಳಿಗೆ ಅಂದರೆ ಮಾರಕ್ಕನಿಗೆ ಪ್ರಾಣ. ಅವಳು ಎಲೆಗೆ ಕೈ ಅಡ್ಡ ಹಿಡಿದು, "ನಂಗೆ ಬ್ಯಾಡ ಚಿಕ್ಕಮ್ಮ. ಇರೋ ಭಾರಾನೇ ಸಾಕು," ಅಂದಳು.

ತಿಪ್ಪೇಶ ಕೈಯಲ್ಲಿದ್ದ ತುತ್ತನ್ನು ಎಲೆಗೇ ಇಟ್ಟ. ಆ ಅಡ್ಡ ಹಿಡಿದ ಕೈಯನ್ನು ನೋಡಲಾಗಲಿಲ್ಲ. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಎಲೆ ಮುಂದಿನಿಂದ ಎದ್ದು ನಿಂತ.

"ಗಾಡಿ ಅಲ್ಲಾಡಿದ್ದು ಅಕ್ಕನಿಂದಲ್ಲ. ಅವಳು ಇಳಿದ ಮೇಲೂ ಅಲ್ಲಾಡ್ತು. ಬಾಳೆಕಂದು ಬಿಚ್ಚು ಅಂದಿದ್ಲು, ನಾನು ಕೇಳಲಿಲ್ಲ. ನಂಗಿನ್ನೂ ಸರಿಯಾಗಿ ಓಡಿಸಾಕೆ ಬರಲ್ಲ. ಅದನ್ನ ಹೇಳಾಕೆ ನಾಚಿಕೆಯಾಗಿ ಅಕ್ಕನ ಮೇಲೆ ಹಾಕ್ದೆ," ಅಂದ.

ಯಾರೂ ನಗಲಿಲ್ಲ. ಮಾರಕ್ಕ ಅವನ ಕಡೆ ತಿರುಗಿದಳು. ಕಣ್ಣು ತುಂಬಿಕೊಂಡಿತ್ತು.

"ಟೀ ಅಂಗಡಿಯೋರ ಮುಂದೂ ಹೇಳ್ತೀಯಾ?" ಅಂತ ಕೇಳಿದಳು.

"ಹೇಳ್ತೀನಿ."

ಮಾರಕ್ಕ ಎಲೆಯ ಮೇಲಿಂದ ಕೈ ತೆಗೆದಳು. ಹೋಳಿಗೆಯನ್ನೂ ತುಪ್ಪವನ್ನೂ ತಿಪ್ಪೇಶನೇ ಬಡಿಸಿದ.

ವಾಪಸು ಬರುವಾಗ ಅಕ್ಕ ಹಿಂದೆ ಕೂತಿದ್ದಳು. ಬೈಕು ಮೆಲ್ಲಗೆ, ನೆಟ್ಟಗೆ ಹೋಯಿತು. ಟೀ ಅಂಗಡಿ ರಸ್ತೆಯ ಆಚೆ ಬದಿಗಿತ್ತು. ತಿಪ್ಪೇಶ ಮುಂದೆ ಹೋಗಿ, ಸುತ್ತು ಹಾಕಿಕೊಂಡು ಬಂದು ನಿಲ್ಲಿಸಿದ. ಬೆಂಚು ಖಾಲಿ ಇತ್ತು. ಅಂಗಡಿಯವನು ಲೋಟ ತೊಳೆಯುತ್ತಿದ್ದ.

"ಬೆಳಿಗ್ಗೆ ಇಲ್ಲಿ ಕೂತಿದ್ರಲ್ಲ, ಅವರೆಲ್ಲ ಎಲ್ಲಿ?" ಅಂತ ತಿಪ್ಪೇಶ ಕೇಳಿದ.

"ಯಾರೋ ಏನೋ ಕಣಪ್ಪ. ದಾರಿಹೋಕರು. ಟೀ ಕುಡಿದು ಹೋದ್ರು," ಅಂದ ಅವನು.

ತಿಪ್ಪೇಶ ಅವನೊಬ್ಬನಿಗೇ ಎಲ್ಲ ಹೇಳಿದ. ಹಿಂದೆ ನಿಂತಿದ್ದ ಮಾರಕ್ಕ ಕೇಳಿಸಿಕೊಂಡಳು. ಆದರೆ ನಕ್ಕವರು ನಕ್ಕು ಹೋಗಿದ್ದರು.

ನೀತಿ: ಬಾರದ ಕೆಲಸವನ್ನು ಬಾರದು ಎನ್ನಲು ನಾಚಬೇಡಿ, ತಪ್ಪನ್ನು ಹಿಂದೆ ಕೂತವರ ಮೇಲೆ ಹಾಕಲು ನಾಚಿರಿ. ನಾಲ್ಕು ಜನರ ಮುಂದೆ ಹೊರಿಸಿದ್ದನ್ನು ಆ ನಾಲ್ಕು ಜನರ ಮುಂದೆಯೇ ಇಳಿಸಬೇಕು. ತಡಮಾಡಿದರೆ ಅವರು ಎದ್ದು ಹೋಗಿರುತ್ತಾರೆ.