ಕೊನೆಯ ಸರದಿ ಬೇಡಿದವನು

"ಸ್ವಾಮಿ, ಚರ್ಚಿನಲ್ಲಿ ಮರಿಯಮ್ಮ ಮಾತೆಯ ಸ್ವರೂಪದ ಮುಂದೆ ಮೊಣಕಾಲೂರುವ ನಾವು ಮೂರ್ತಿಪೂಜಕರೇ?"

ಹೀಗೆ ಕೇಳಿದವನು ಸಂತಿಯಾಗು. ಕೇಳಿದ್ದು ತನ್ನ ಗುರುಗಳಾದ ಚೌರಪ್ಪ ಸ್ವಾಮಿಯವರನ್ನು. ಅವನ ತಂಗಿ ಮದುವೆಯಾದ ಮೇಲೆ ಮೂರ್ತಿಗಳನ್ನು ಒಪ್ಪದ ಬೇರೆ ಕ್ರೈಸ್ತ ಸಭೆಗೆ ಸೇರಿದ್ದಳು. ಗೊಂಬೆಗೆ ಕೈಮುಗಿಯುವವರ ಮನೆ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿಕಳಿಸಿದ್ದಳು. ಅವಳ ಬಾಯಿ ಮುಚ್ಚಿಸುವಂಥ ಒಂದು ಉತ್ತರವನ್ನು ಅವನೂ ಹೇಳಿಕಳಿಸಬೇಕೆಂದಿದ್ದ.

ಆರಾಧನೆ ದೇವರೊಬ್ಬನಿಗೆ, ಮಾತೆಗೆ ಸಲ್ಲುವುದು ಮಾನ, ನಮಗಾಗಿ ನಿನ್ನ ಮಗನ ಹತ್ತಿರ ಒಂದು ಮಾತು ಹೇಳಮ್ಮ ಎಂದು ಕೇಳುತ್ತೇವೆ ಅಷ್ಟೆ, ಇದನ್ನು ಜ್ಞಾನೋಪದೇಶದ ತರಗತಿಯ ಮಕ್ಕಳೂ ಒಪ್ಪಿಸುತ್ತಾರೆ, ಬಾಯಿ ಮುಚ್ಚಿಸುವುದಕ್ಕೆ ಇಷ್ಟು ಸಾಕು ಎಂದರು ಸ್ವಾಮಿಗಳು. ಆಮೇಲೆ, ಆದರೆ ನೀನು ಕೇಳಿದ್ದಕ್ಕೆ ಇದು ಉತ್ತರವಲ್ಲ, ಕೂತುಕೋ ಎಂದು ಈ ಕತೆ ಹೇಳಿದರು.

ಒಬ್ಬ ರೇಷ್ಮೆ ಬೆಳೆಗಾರನಿದ್ದ. ಮರಿಯಮ್ಮ ಮಾತೆ ಎಂದರೆ ಅವನಿಗೆ ಪ್ರಾಣ. ಮಣಿ ಎಣಿಸಿ ಜಪಸರ ಹೇಳದೆ ತುತ್ತು ಎತ್ತುತ್ತಿರಲಿಲ್ಲ. ಪಕ್ಕದ ಮನೆಯೇ ಅವನ ತಮ್ಮನದು. ಒಂದು ಸಲ ತಮ್ಮ ತನ್ನ ಟೊಮೆಟೊ ಗಿಡಕ್ಕೆ ಔಷಧಿ ಹೊಡೆದ. ಗಾಳಿ ಅದನ್ನು ಅಣ್ಣನ ಹಿಪ್ಪುನೇರಳೆ ತೋಟಕ್ಕೆ ಒಯ್ದಿತು. ಆ ಸೊಪ್ಪು ತಿಂದು, ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳೆಲ್ಲ ತಟ್ಟೆಯಲ್ಲೇ ಸತ್ತವು. ತಮ್ಮ ಓಡಿಬಂದು ಕಾಲು ಹಿಡಿದ. ಅಣ್ಣ ಕಾಲು ಎಳೆದುಕೊಂಡ. ಅಂದಿನಿಂದ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ.

ಆ ಊರಿನಲ್ಲೊಂದು ಪದ್ಧತಿ. ಅಕ್ಟೋಬರ್ ಜಪಸರದ ತಿಂಗಳು. ಆಗ ಮಾತೆಯ ಸ್ವರೂಪ ಮನೆಯಿಂದ ಮನೆಗೆ ಹೋಗುತ್ತದೆ. ಒಂದು ರಾತ್ರಿ ಇಟ್ಟುಕೊಂಡವರು ಮರುಸಂಜೆ ತಾವೇ ಎತ್ತಿಕೊಂಡು ಹೋಗಿ ಪಕ್ಕದ ಮನೆಯವರ ಕೈಗೆ ಕೊಡಬೇಕು. ಬೆಳೆಗಾರನಿಗೆ ಇದು ಗಂಟಲ ಮುಳ್ಳಾಯಿತು. ತನ್ನ ಕೈಯಿಂದ ಆ ತಮ್ಮನ ಕೈಗೇ? ಅವನು ಊರ ಹಿರಿಯರ ಬಳಿ ಹೋಗಿ, ನನ್ನ ಮನೆಗೆ ಕೊನೆಯ ಸರದಿ ಕೊಡಿ, ಅಲ್ಲಿಂದ ಅಮ್ಮನನ್ನು ನಾನೇ ತಲೆಯ ಮೇಲೆ ಹೊತ್ತು ಚರ್ಚಿಗೆ ಮುಟ್ಟಿಸುತ್ತೇನೆ ಎಂದು ಬೇಡಿದ. ಕೊನೆಯ ಸರದಿಯವನು ಯಾವ ಮನೆಗೂ ಕೊಡಬೇಕಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ, ಎಂಥ ಭಕ್ತಿ ಎಂದು ಊರು ಕೊಂಡಾಡಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತು ಸುಮ್ಮನೆ ಹುಟ್ಟಿಲ್ಲ.

ಹೀಗೇ ವರ್ಷಗಳು ಕಳೆದವು. ಒಂದು ಅಕ್ಟೋಬರಿನಲ್ಲಿ ತಮ್ಮ ಹಾಸಿಗೆ ಹಿಡಿದ. ಡಾಕ್ಟರು ಕೈಚೆಲ್ಲಿದರು. ತಿಂಗಳ ಕೊನೆಯ ದಿನ, ಸ್ವರೂಪ ಅಣ್ಣನ ಮನೆಯಲ್ಲಿರುವಾಗ, ನೋಡಲು ಬಂದ ಅತ್ತಿಗೆಯ ಹತ್ತಿರ ಅವನು ಒಂದೇ ಮಾತು ಹೇಳಿಕಳಿಸಿದ. ಚರ್ಚಿಗೆ ಹೊರಡುವ ಮುಂಚೆ ಅಣ್ಣ ಅಮ್ಮನನ್ನು ತಂದು ನನ್ನ ಕೈಗೆ ಕೊಡಲಿ, ಮತ್ತೇನೂ ಕೇಳುವುದಿಲ್ಲ.

ಬೆಳೆಗಾರನ ಎದೆ ಕರಗಿತು. ಸ್ನಾನ ಮಾಡಿ, ಸ್ವರೂಪವನ್ನು ಎತ್ತಿಕೊಂಡು, ಬರಿಗಾಲಲ್ಲಿ ಹೊರಟ. ಹೆಂಡತಿ ಹಿಂದೆ ಬಂದಳು. ತಮ್ಮನ ಬಾಗಿಲಿಗೆ ಬಂದಾಗ ಒಳಗಿನಿಂದ ಕೆಮ್ಮು ಕೇಳಿಸಿತು. ಅಷ್ಟರಲ್ಲಿ ಅವನಿಗೆ ಸತ್ತ ಹುಳುಗಳ ನೆನಪಾಯಿತು. ಎಷ್ಟು ವರ್ಷ ಸಾಕಿದ ಕೋಪವೋ ಏನೋ, ಕಾಲು ಮುಂದೆ ಬರಲಿಲ್ಲ. ನಾನೇಕೆ, ಅಮ್ಮನೇ ಹೋಗುತ್ತಿದ್ದಾಳಲ್ಲ, ಅವಳಿಗಿಂತ ನಾನು ದೊಡ್ಡವನೇ ಎಂದು ತನಗೆ ತಾನೇ ಹೇಳಿಕೊಂಡ. ಸ್ವರೂಪವನ್ನು ಹೆಂಡತಿಯ ಕೈಗೆ ಕೊಟ್ಟು ಜಗಲಿಯ ಕೆಳಗೆ ನಿಂತ.

ಅವಳು ಒಳಗೆ ಹೋದಳು. ತಮ್ಮ ಕಷ್ಟಪಟ್ಟು ತಲೆ ಎತ್ತಿದ. ಅವನು ಸ್ವರೂಪವನ್ನು ನೋಡಲಿಲ್ಲ, ಅದರ ಹಿಂದೆ ನೋಡಿದ.

"ಅಣ್ಣ ಬರಲಿಲ್ವಾ, ಅತ್ತಿಗೆ?"

ಕಾಲು ತೊಳೆಯುತ್ತಿದ್ದಾರೆ, ಈಗ ಬರುತ್ತಾರೆ ಎಂದು ಆಕೆ ಸುಳ್ಳು ಹೇಳಿದಳು. ಅವನು ನಂಬಿ ಬಾಗಿಲನ್ನೇ ನೋಡುತ್ತಾ ಮಲಗಿದ. ದೀಪ ಹಚ್ಚುವ ಹೊತ್ತಿಗೆ ಉಸಿರು ನಿಂತಿತು. ಮುಖ ಬಾಗಿಲ ಕಡೆಗೇ ಇತ್ತು.

ಅಳು ಕೇಳಿ ಬೆಳೆಗಾರ ಒಳಗೆ ಓಡಿದ. ತಮ್ಮನ ಕೈಗಳನ್ನು ಹಿಡಿದು, ಬಂದೆ ಕಣೋ, ಬಂದೆ ಎಂದು ಗೋಳಾಡಿದ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಆಮೇಲೆ ಬದುಕಿದಷ್ಟು ಕಾಲವೂ ಅವನು ಚರ್ಚಿನಲ್ಲಿ ಆ ಸ್ವರೂಪದ ಮುಂದೆ ಮೊಣಕಾಲೂರಿ ಅಳುತ್ತಿದ್ದ. ಹೊರಗಿನಿಂದ ಬಂದವರು ಅವನನ್ನು ತೋರಿಸಿ, ನೋಡಿ, ಮೂರ್ತಿಪೂಜೆ ಎಂದರೆ ಇದೇ ಎನ್ನುತ್ತಿದ್ದರು.

ಕತೆ ನಿಂತಿತು. ಸಂತಿಯಾಗುವಿನ ಕಣ್ಣು ತುಂಬಿತ್ತು.

"ಹಾಗೆ ಅಳುವುದು ಮೂರ್ತಿಪೂಜೆ ಅಲ್ಲ ತಾನೆ, ಸ್ವಾಮಿ?" ಎಂದು ಕೇಳಿದ.

"ಅಳುವುದಲ್ಲ, ಮಗು, ಸ್ವರೂಪವನ್ನು ಒಳಗೆ ಕಳಿಸಿ ತಾನು ಹೊರಗೇ ನಿಂತನಲ್ಲ, ಆ ಸಂಜೆ ಅವನು ಮೂರ್ತಿಪೂಜಕನಾಗಿದ್ದ."

ಸಂತಿಯಾಗು ಏನೂ ಹೇಳಿಕಳಿಸದೆ ತಂಗಿಯ ಮನೆಗೆ ತಾನೇ ಹೊರಟ.