ತಪ್ಪು ತೋರಿಸಿದ ಗೋಡೆ ಗಡಿಯಾರ

ಪುಟ್ಟಾಚಾರಿಯ ಗಡಿಯಾರ ರಿಪೇರಿ ಅಂಗಡಿಯಲ್ಲಿ ಒಂದು ದೊಡ್ಡ ಗೋಡೆ ಗಡಿಯಾರವಿತ್ತು. ಅದು ಎಂದೂ ತಪ್ಪಿದ್ದಿಲ್ಲ. ಬಂದ ಗಡಿಯಾರಗಳಿಗೆಲ್ಲ ಆಚಾರಿ ಅದನ್ನು ನೋಡಿಯೇ ಮುಳ್ಳು ತಿರುಗಿಸುತ್ತಿದ್ದ. ಅದರ ಬಿಗುಮಾನ ಏನು ಕೇಳ್ತೀರಿ, ಗಂಡಿನ ಕಡೆಯ ಬೀಗಿತ್ತಿಗೂ ಅಷ್ಟಿರಲಿಕ್ಕಿಲ್ಲ!

ಒಂದು ದಿನ ಅಲಾರಂ ಗಡಿಯಾರವೊಂದು ರಿಪೇರಿಗೆ ಬಂತು.

"ಮತ್ತೆ ಬಂದೆಯೇನೇ ಬಜಾರಿ? ದಿನಾ ಹಿಂದೆ ಬೀಳ್ತೀಯಲ್ಲ, ನಾಚಿಕೆ ಇಲ್ಲವಾ?" ಎಂದಿತು ಗೋಡೆ ಗಡಿಯಾರ.

"ನಾಚಿಕೆ ಯಾಕೆ ಯಜಮಾನರೇ? ಹಿಂದೆ ಬಿದ್ದರೆ ನಮ್ಮಮ್ಮ ತಲೆಗೆ ಮೊಟಕುತ್ತಾಳೆ, ಕಿವಿಗಿಟ್ಟು ಕೇಳುತ್ತಾಳೆ, ಸೆರಗಲ್ಲಿ ಸುತ್ತಿ ಇಲ್ಲಿಗೆ ತರುತ್ತಾಳೆ. ನಿಮ್ಮನ್ನು ಹಾಗೆ ಎದೆಗವಚಿಕೊಂಡವರು ಯಾರಾದರೂ ಇದ್ದಾರಾ?"

ಸಂಜೆ ಆ ಅಮ್ಮ ಬಂದು ಅಲಾರಂ ಗಡಿಯಾರವನ್ನು ಸೆರಗಲ್ಲಿ ಸುತ್ತಿಕೊಂಡು ಹೋದಳು. ಗೋಡೆ ಗಡಿಯಾರಕ್ಕೂ ಆಸೆ ಹುಟ್ಟಿತು. ಜನ್ಮದಲ್ಲಿ ಮೊದಲ ಸಲ, ಬೇಕೆಂದೇ, ಕಾಲು ಗಂಟೆ ಹಿಂದೆ ಬಿತ್ತು. ಆಚಾರಿ ತನ್ನನ್ನು ಕೆಳಗಿಳಿಸುತ್ತಾನೆ, "ಏನಾಯ್ತಪ್ಪಾ ನಿನಗೆ?" ಅನ್ನುತ್ತಾನೆ ಎಂದು ಕಾದಿತು.

ಬೆಳಿಗ್ಗೆ ಆಚಾರಿ ಬಂದ. ಅದನ್ನು ನೋಡಿದ, ಸುತ್ತಲಿದ್ದ ಗಡಿಯಾರಗಳನ್ನೂ ನೋಡಿದ. "ಥೂ ನಿಮ್ಮ, ಎಲ್ಲವೂ ಒಟ್ಟಿಗೆ ಮುಂದೆ ಓಡಿದ್ದೀರಲ್ರೋ!" ಎಂದು ಬೈಯುತ್ತಾ, ಒಂದೊಂದನ್ನೇ ತೊಡೆಯ ಮೇಲಿಟ್ಟುಕೊಂಡು, ಗೋಡೆಯ ಕಡೆ ನೋಡಿ ನೋಡಿ ಮುಳ್ಳು ಹಿಂದಕ್ಕೆ ತಿರುಗಿಸಿದ.

ತಪ್ಪಿದ್ದು ಯಾರು, ತೊಡೆ ಸಿಕ್ಕಿದ್ದು ಯಾರಿಗೆ ನೋಡಿ!