ಕಂಡವನ ಪಾಲು

“ಗುರುಗಳೇ, ಇನ್ನು ಮೇಲೆ ಬಾಯಿ ಮುಚ್ಚಿಕೊಂಡಿರುವುದೇ ಲೇಸಲ್ಲವೇ?” ಎಂದು ಶಿಷ್ಯ ಮರುಳಯ್ಯ ಕೇಳಿದ. ಮುಖ ಸಪ್ಪಗಿತ್ತು. “ಇಲ್ಲಿ ಬಾವಿ ತೋಡಿ, ನೀರಿದೆ ಎಂದು ಊರವರಿಗೆ ಹೇಳಿದೆ. ನಂಬಿ ತೋಡಿದರು. ಬಂಡೆ ಸಿಕ್ಕಿತು. ಅವರಿಗೆ ಹೇಗೆ ಮುಖ ತೋರಿಸಲಿ?”

“ತೋರಿಸಬೇಡ, ಮುಸುಕು ಹಾಕಿಕೋ. ಹಾಕಿಕೊಳ್ಳುವ ಮೊದಲು ಇದೊಂದು ಕೇಳು,” ಎಂದರು ಗುರುಗಳು.

ಕಡಲ ತೀರದಲ್ಲಿ ಮೀನುಗಾರರ ಊರೊಂದಿತ್ತು. ಯಾರೋ ಅಲ್ಲಿ ಎತ್ತರದ ಕಟ್ಟಡ ಎಬ್ಬಿಸಿದರು. ಅದರ ನೆತ್ತಿಯ ಮೇಲಿನ ಪೆಂಟ್‌ಹೌಸನ್ನು ಒಬ್ಬ ಬಟ್ಟೆ ವ್ಯಾಪಾರಿ ಕೊಂಡ. ಹೆಂಡತಿ ತೀರಿಕೊಂಡಿದ್ದಳು, ಅಂಗಡಿ ಮುಚ್ಚಿದ್ದ. ಕಡಲಿದೆ, ಜನರಿದ್ದಾರೆ, ಬೇಸರ ಕಳೆಯುತ್ತದೆ ಎಂದುಕೊಂಡಿದ್ದ. ಕಡಲೇನೋ ಸಿಕ್ಕಿತು, ಜನ ಸಿಗಲಿಲ್ಲ. ಅಷ್ಟು ಮೇಲಿರುವವನನ್ನು ಮಾತನಾಡಿಸಲು ಅವರಿಗೆ ಅಂಜಿಕೆ, ಇಳಿದು ಬಂದು ಮಾತನಾಡಲು ಇವನಿಗೆ ಸಂಕೋಚ.

ಆ ಊರಿನಲ್ಲೊಂದು ಪದ್ಧತಿ. ಬಂಗುಡೆ ಮೀನಿನ ಹಿಂಡು ದಡದ ಹತ್ತಿರ ಬಂದರೆ ನೀರು ಕಪ್ಪಾಗಿ ಕಾಣುತ್ತದೆ. ಎತ್ತರದಿಂದ ಅದನ್ನು ಮೊದಲು ಕಂಡವನು ಬಟ್ಟೆ ಬೀಸಬೇಕು. ಕೂಡಲೇ ದೋಣಿ ಇಳಿಸಿ ಬಲೆ ಬಿಡುತ್ತಾರೆ, ಊರಿಗೆ ಊರೇ ಹಗ್ಗ ಎಳೆಯುತ್ತದೆ. ಎಳೆದವರಿಗೆಲ್ಲ ಪಾಲು, ಕಂಡವನಿಗೂ ಪಾಲು.

ಒಂದು ಬೆಳಿಗ್ಗೆ ವ್ಯಾಪಾರಿಗೆ ನೀರು ಕಪ್ಪಾಗಿ ಕಂಡಿತು. ಹೆಂಡತಿಯ ಕೆಂಪು ಸೀರೆಯನ್ನೇ ಎಳೆದು ತಂದು ಬೀಸಿದ. ಊರು ಓಡಿ ಬಂತು. ಮುದುಕಿಯರೂ ಹಗ್ಗಕ್ಕೆ ಕೈ ಹಚ್ಚಿದರು. ಬಲೆ ದಡಕ್ಕೆ ಬಂದರೆ ಅದರಲ್ಲಿ ಏನಿದೆ? ಪಾಚಿ, ಮತ್ತೆ ಒಂದಿಷ್ಟು ಸಿಗಡಿ. ಅವನು ಕಂಡದ್ದು ಮೋಡದ ನೆರಳು. ಅವರ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಭೂಮಿ ಬಾಯಿ ಬಿಡಬಾರದೇ ಎನಿಸಿತು ವ್ಯಾಪಾರಿಗೆ. ಸೀರೆಯನ್ನು ಪೆಟ್ಟಿಗೆಯ ತಳಕ್ಕೆ ತುರುಕಿದ. ಬಾಲ್ಕನಿಯ ಕಂಬಿಗೆ ‘ಮನೆ ಮಾರಾಟಕ್ಕಿದೆ’ ಎಂದು ದೊಡ್ಡ ಬೋರ್ಡು ಕಟ್ಟಿ ಕದ ಹಾಕಿಕೊಂಡ.

ಸಂಜೆ ಯಾರೋ ಕದ ಬಡಿದರು. ನೋಡಿದರೆ ಬಲೆಯ ಯಜಮಾನ. ಲಿಫ್ಟಿಗೆ ಹೆದರಿ ಮೆಟ್ಟಿಲು ಹತ್ತಿ ಬಂದಿದ್ದ, ಏದುಸಿರು ಬಿಡುತ್ತಿದ್ದ. ಬೈಯಲು ಬಂದಿದ್ದಾನೆ ಎಂದು ವ್ಯಾಪಾರಿ ತಲೆ ತಗ್ಗಿಸಿದ. ಯಜಮಾನ ಬಾಳೆಲೆಯ ಪೊಟ್ಟಣವೊಂದನ್ನು ಮುಂದೆ ಹಿಡಿದ. ಒಳಗೆ ನಾಲ್ಕೇ ನಾಲ್ಕು ಸಿಗಡಿ.

“ಕಂಡವರ ಪಾಲು, ತಕೊಳ್ಳಿ ಮಾರಾಯ್ರೆ.”

“ನಾನು ಕಂಡದ್ದು ಬರೀ ಮೋಡವಲ್ಲವೇ?”

“ಹೌದು. ನನ್ನ ಅಪ್ಪ ಎಷ್ಟು ಸಲ ಮೋಡಕ್ಕೆ ಬಟ್ಟೆ ಬೀಸಿದ್ದಾರೋ ಲೆಕ್ಕ ಇಲ್ಲ. ಬಲೆ ಬರಿದಾಯ್ತು ಅಂತ ಕಣ್ಣು ಕಿತ್ತಿಡಲಿಕ್ಕೆ ಆಗ್ತದಾ? ನಾಳೆ ಮತ್ತೆ ನೋಡಿ. ಆ ಕೆಂಪು ಬಟ್ಟೆಯೇ ಇರಲಿ, ದೂರಕ್ಕೆ ಲಾಯಕ್ಕಾಗಿ ಕಾಣ್ತದೆ. ಬೋರ್ಡು ಮಾತ್ರ ತೆಗೀರಿ, ನಿಮಗೆ ಕಡಲು ಕಾಣಲಿಕ್ಕೆ ಅಡ್ಡ ಆಗ್ತದೆ.”

ವ್ಯಾಪಾರಿಯ ಕಣ್ಣು ತುಂಬಿ ಬಂತು. ಪೊಟ್ಟಣ ಕೆಳಗಿಟ್ಟು ಬಾಲ್ಕನಿಗೆ ಹೋಗಿ ಬೋರ್ಡಿನ ಹುರಿ ಬಿಚ್ಚಿದ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

“ಮರುದಿನ ಅವನಿಗೆ ಮೀನು ಕಂಡಿತೇ?” ಎಂದು ಮರುಳಯ್ಯ ಕೇಳಿದ.

“ಅದು ಹಾಗಿರಲಿ ಮರುಳಾ, ಇನ್ನೆಲ್ಲಿ ತೋಡಬೇಕೆಂದು ನಿನ್ನನ್ನು ಕೇಳಲು ಊರವರು ಗುದ್ದಲಿ ಹಿಡಿದುಕೊಂಡು ಬೆಳಗಿನಿಂದ ಅಂಗಳದಲ್ಲಿ ಕೂತಿದ್ದಾರೆ.”